ಆಟ ಬಿಡಿಸುವ ವಯಸ್ಸು

ಮೈಸೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಜುಲೈ ತಿಂಗಳ ಸಂಜೆ. ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ದೈಹಿಕ ಶಿಕ್ಷಣದ ಶಿಕ್ಷಕಿಯೂ ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿಯೂ ಕೂತಿದ್ದಾರೆ. ಎದುರಿಗೆ ಹುಡುಗಿಯರ ಖೋ ಖೋ ಅಭ್ಯಾಸ ನಡೆದಿದೆ.

ತಾಯಿ: ಮೇಡಂ, ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ. ತಂಡದಿಂದ ನಮ್ಮ ಹುಡುಗಿ ಹೆಸರು ತೆಗೆದುಬಿಡಿ.

ಶಿಕ್ಷಕಿ: ಅವಳೇ ಬೇಡ ಅಂದ್ಲಾ ಅಮ್ಮ?

ತಾಯಿ: ಅವಳೆಲ್ಲಿ ಅಂತಾಳೆ? ಈ ವಿಷಯ ಗೊತ್ತಾದ್ರೆ ರಾತ್ರಿ ಊಟ ಬಿಡ್ತಾಳೆ. ನಾವೇ ತೀರ್ಮಾನ ಮಾಡಿದ್ದು. ಹೈಸ್ಕೂಲಿಗೆ ಬಂದಾಯ್ತು, ಇನ್ನು ಓದಿನ ಕಡೆ ನೋಡ್ಬೇಕಲ್ವಾ? ಐದು ಗಂಟೆಗೆ ಟ್ಯೂಷನ್ ಸೇರಿಸಿದ್ದೀವಿ. ಹೋದ ವರ್ಷ ಮೈನೆರೆದಳು. ನಮ್ಮತ್ತೆ ದಿನಾ ಗೊಣಗ್ತಾರೆ, ದೊಡ್ಡವಳಾದ ಮೇಲೂ ಹುಡುಗರ ಥರ ಎಗರಾಡ್ತಾಳಲ್ಲ ಅಂತ. ಬಿಸಿಲಿಗೆ ಕರ್ರಗಾಗಿದ್ದಾಳೆ. ಮೊದಲೇ ಬಡಕಲು, ತಿಂದದ್ದೆಲ್ಲ ಓಡಿ ಓಡಿ ಕರಗಿಹೋಗುತ್ತೆ.

ಶಿಕ್ಷಕಿ: ಇಷ್ಟಕ್ಕೂ ಒಂದೇ ಸಲ ಉತ್ತರ ಹೇಳೋಕೆ ನನಗೆ ಬರಲ್ಲ. ಮೊದಲು ಅಲ್ಲಿ ನೋಡಿ, ಸಾಲಿನಲ್ಲಿ ಮೂರನೇ ಚೌಕದಲ್ಲಿ ಕೂತಿದ್ದಾಳಲ್ಲ, ನಿಮ್ಮ ಮಗಳೇ. ಕುಕ್ಕರಗಾಲಲ್ಲಿ ಕೂತಿದ್ದಾಳೆ, ಆದರೆ ಕೂತಿಲ್ಲ. ಬಲಗಾಲಿನ ಹಿಮ್ಮಡಿ ಎದ್ದಿದೆ, ಬೆರಳ ತುದಿ ನೆಲ ಮುಟ್ಟಿದೆ, ಕಿವಿ ಹಿಂದಕ್ಕಿದೆ. ಹಿಂದಿನಿಂದ ಬಂದು ಬೆನ್ನು ಮುಟ್ಟಿ ‘ಖೋ’ ಅಂದ ಕ್ಷಣಕ್ಕೆ ಎದ್ದು ಓಡಬೇಕು. ಒಂದು ದಿಕ್ಕು ಹಿಡಿದ್ಲು ಅಂದ್ರೆ ಕಂಬ ಮುಟ್ಟೋ ತನಕ ಹಿಂದಕ್ಕೆ ತಿರುಗೋ ಹಾಗಿಲ್ಲ, ಕೂತವರ ನಡುವೆ ನುಸುಳೋ ಹಾಗಿಲ್ಲ. ತಪ್ಪಿಸ್ಕೊಳ್ಳೋಳು ಮಾತ್ರ ಎತ್ತ ಬೇಕಾದರೂ ನುಸುಳ್ತಾಳೆ. ಹಾ, ಎದ್ಲು ನೋಡಿ! ನಾಲ್ಕು ಹೆಜ್ಜೆ ಓಡಿದ್ಲು, ಇನ್ನೊಬ್ಬಳಿಗೆ ಖೋ ಕೊಟ್ಟು ಮತ್ತೆ ಕೂತ್ಲು. ಹೀಗೆ ಒಂದು ಸರದಿಗೆ ಎಷ್ಟು ಸಲ ಏಳ್ತಾಳೆ, ಎಷ್ಟು ಸಲ ನೆಲಕ್ಕೆ ಕಾಲು ಬಡೀತಾಳೆ, ಸುಮ್ಮನೆ ನೋಡ್ತಾ ಇರಿ.

ತಾಯಿ: ನೋಡ್ತಿದ್ದೀನಿ. ಮಂಡಿ ಚಿಪ್ಪು ಸವೆದುಹೋಗುತ್ತೇನೋ ಅಂತ ನನಗೆ ಭಯ.

ಶಿಕ್ಷಕಿ: ಸವೆಯಲ್ಲ, ಗಟ್ಟಿಯಾಗುತ್ತೆ. ನಿಮ್ಮತ್ತೆ ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಿದ್ದರಲ್ಲ, ಏನಾಗಿತ್ತು?

ತಾಯಿ: ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಮೈಸೂರಲ್ಲಿ ಆಪರೇಷನ್ ಆಯ್ತು, ರಾಡ್ ಹಾಕಿದ್ದಾರೆ. ಅಂಥ ದೊಡ್ಡ ಪೆಟ್ಟೇನೂ ಬಿದ್ದಿರಲಿಲ್ಲ ಮೇಡಂ. ಮೂಳೆ ಟೊಳ್ಳಾಗಿದೆ ಅಂದ್ರು ಡಾಕ್ಟರು.

ಶಿಕ್ಷಕಿ: ಅರವತ್ತು ದಾಟಿದ ಮೇಲೆ ಮೂಳೆ ಎಷ್ಟು ಬೇಗ ಟೊಳ್ಳಾಗುತ್ತೆ ಅನ್ನೋದರಲ್ಲಿ ಹದಿಮೂರನೇ ವಯಸ್ಸಿನ ಪಾಲೂ ಇದೆ. ಕೆನಡಾದ ಸಸ್ಕಾಚೆವಾನ್‌ನಲ್ಲಿ 1990ರ ದಶಕದಲ್ಲಿ ಮಕ್ಕಳನ್ನ ವರ್ಷವರ್ಷವೂ ಕರೆಸಿ ಮೂಳೆ ಅಳೆದರು. ದೊಡ್ಡವರಾದ ಮೇಲೆ ನಮ್ಮ ಮೈಯಲ್ಲಿರೋ ಮೂಳೆಯ ಖನಿಜದಲ್ಲಿ ಸುಮಾರು ಕಾಲು ಭಾಗ ಎರಡೇ ಎರಡು ವರ್ಷದಲ್ಲಿ ಸೇರಿಕೊಳ್ಳುತ್ತೆ ಅಂತ ಗೊತ್ತಾಯ್ತು. ಯಾವ ಎರಡು ವರ್ಷ? ಮಕ್ಕಳು ಸರಸರ ಎತ್ತರ ಬೆಳೆಯೋ ಹೊತ್ತು. ಹುಡುಗಿಯರಲ್ಲಿ ಹನ್ನೆರಡು ಹದಿಮೂರರ ಆಸುಪಾಸು, ಹುಡುಗರಲ್ಲಿ ಒಂದೂವರೆ ವರ್ಷ ತಡವಾಗಿ. ಆ ಹೊತ್ತಿನಲ್ಲಿ ಚೆನ್ನಾಗಿ ಓಡಾಡಿದ ಹುಡುಗಿಯರನ್ನ ಕೂತೇ ಇದ್ದವರಿಗೆ ಹೋಲಿಸಿದಾಗ ಮೂಳೆಯ ಖನಿಜದಲ್ಲಿ ಶೇಕಡಾ 17ರಷ್ಟು ವ್ಯತ್ಯಾಸ ಕಂಡುಬಂತು. ಕೆರೆ ತುಂಬೋದು ಮಳೆಗಾಲದಲ್ಲೇ ಅಮ್ಮ. ಬೇಸಿಗೆಯಲ್ಲಿ ಎಷ್ಟು ಜೋಪಾನ ಮಾಡಿದ್ರೂ ಇರೋ ನೀರನ್ನೇ ಬಳಸಬೇಕು.

ತಾಯಿ: ಅದಕ್ಕೆ ರಾಗಿ ಮುದ್ದೆ, ಹಾಲು ಕೊಡ್ತಾನೇ ಇದ್ದೀನಲ್ಲ.

ಶಿಕ್ಷಕಿ: ಕೊಡಲೇಬೇಕು. ರಾಗಿಯಷ್ಟು ಸುಣ್ಣದಂಶ ಇರೋ ಧಾನ್ಯ ನಮ್ಮಲ್ಲಿ ಬೇರೆ ಇಲ್ಲ. ಆದರೆ ತಿಂದದ್ದನ್ನ ಮೂಳೆಗೆ ಸೇರಿಸು ಅನ್ನೋ ಆಜ್ಞೆ ಬೇರೆ ಕಡೆಯಿಂದ ಬರಬೇಕು. ಮೂಳೆ ಒಣಕಡ್ಡಿಯಲ್ಲ, ಅದರೊಳಗೆ ಜೀವಕೋಶಗಳಿವೆ. ಎಗರಿ ನೆಲಕ್ಕೆ ಕಾಲು ಊರಿದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತೆ. ಆ ಬಾಗನ್ನ ಒಳಗಿನ ಕೋಶಗಳು ಗುರುತಿಸಿ, ಇಲ್ಲಿ ಇನ್ನಷ್ಟು ಕಟ್ಟಿ ಅಂತ ಹೇಳ್ತಾವೆ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಒಂದೇ ಸಮ ಗಂಟೆಗಟ್ಟಲೆ ಕುಟ್ಟಿದ್ರೆ ಆ ಕೋಶಗಳು ಕೇಳಿಸಿಕೊಳ್ಳೋದನ್ನೇ ಬಿಟ್ಟುಬಿಡ್ತಾವೆ. ಸ್ವಲ್ಪ ಎಗರಿ, ಸ್ವಲ್ಪ ಬಿಡುವು ಕೊಟ್ಟು, ಮತ್ತೆ ಎಗರಿದ್ರೆ ಚೆನ್ನಾಗಿ ಕೇಳಿಸಿಕೊಳ್ತಾವೆ. ಖೋ ಖೋ, ಲಗೋರಿ, ಕುಂಟೆಬಿಲ್ಲೆ ಎಲ್ಲವೂ ಇದೇ ಲಯದ ಆಟಗಳು. ಓಡು, ನಿಲ್ಲು, ಎಗರು, ಕೂರು. ಇವಳು ಚೌಕದಲ್ಲಿ ಕೂತು ಕಾಯೋ ಹೊತ್ತೂ ವ್ಯರ್ಥವಲ್ಲ.

ತಾಯಿ: ಸರಿ, ಎಸ್ಸೆಸ್ಸೆಲ್ಸಿ ಮುಗಿಸಲಿ. ಆಮೇಲೆ ಕಾಲೇಜಲ್ಲಿ ಎಷ್ಟು ಬೇಕಾದರೂ ಆಡಲಿ.

ಶಿಕ್ಷಕಿ: ಆಗಲೂ ಆಡಲಿ, ಒಳ್ಳೇದೇ ಆಗುತ್ತೆ. ಆದರೆ ಈಗಿನಷ್ಟು ಆಗಲ್ಲ. ಫಿನ್‌ಲ್ಯಾಂಡಿನಲ್ಲಿ ಟೆನ್ನಿಸ್, ಸ್ಕ್ವಾಷ್ ಆಡೋ ಹೆಣ್ಣುಮಕ್ಕಳ ಎರಡೂ ತೋಳಿನ ಮೂಳೆ ಅಳೆದು ನೋಡಿದ್ರು. ಬ್ಯಾಟು ಹಿಡಿಯೋ ತೋಳು ಒಂದು, ಹಿಡಿಯದ್ದು ಇನ್ನೊಂದು. ದೇಹ ಒಂದೇ, ಊಟ ಒಂದೇ, ಆಟ ಮಾತ್ರ ಬೇರೆ. ಆಡೋ ತೋಳಿನ ಮೂಳೆ ಹೆಚ್ಚು ಗಟ್ಟಿಯಾಗಿತ್ತು. ಮೈನೆರೆಯೋಕೆ ಮೊದಲು ಅಥವಾ ಆ ಹೊತ್ತಿಗೇ ಆಟ ಶುರು ಮಾಡಿದವರಲ್ಲಿ ಆ ವ್ಯತ್ಯಾಸ, ತುಂಬ ತಡವಾಗಿ ಶುರು ಮಾಡಿದವರಿಗಿಂತ ಎರಡರಿಂದ ನಾಲ್ಕು ಪಟ್ಟು ಜಾಸ್ತಿ ಇತ್ತು. 1995ರಲ್ಲಿ ಪ್ರಕಟವಾದ ಅಧ್ಯಯನ ಅದು. ಬಿ.ಪಿ.ಎಡ್. ಓದುವಾಗ ಮೇಷ್ಟ್ರೊಬ್ಬರು ಇದನ್ನ ಹೇಳಿದ ದಿನದಿಂದ ನನಗೆ ಒಂದೇ ಸಂಕಟ. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳ ಆಟ ಬಿಡಿಸೋ ವಯಸ್ಸು, ಅವರ ಮೂಳೆ ತುಂಬೋ ವಯಸ್ಸು, ಎರಡೂ ಒಂದೇ. ಯಾರೂ ಕೆಟ್ಟದ್ದು ಬಯಸಿ ಬಿಡಿಸಲ್ಲ. ಆದರೂ ಸರಿಯಾಗಿ ಅದೇ ಎರಡು ವರ್ಷ ಕಳೆದುಹೋಗುತ್ತೆ.

ತಾಯಿ: ನನ್ನನ್ನೂ ಏಳನೇ ಕ್ಲಾಸಿಗೇ ಬಿಡಿಸಿದ್ರು. ಕುಂಟೆಬಿಲ್ಲೆಯಲ್ಲಿ ನಮ್ಮ ಬೀದೀಲಿ ನನ್ನ ಸೋಲಿಸೋರು ಇರಲಿಲ್ಲ. ಆದರೆ ಮೇಡಂ, ನೀವು ಹೇಳೋದು ಪೇಟೆ ಮಕ್ಕಳಿಗೆ ಸರಿ. ಇವಳೇನು ಮನೇಲಿ ಕೂತಿರ್ತಾಳಾ? ಬೆಳಿಗ್ಗೆ ನೀರು ತರ್ತಾಳೆ, ಅಂಗಳ ಗುಡಿಸ್ತಾಳೆ, ಸಂಜೆ ಹಸುವಿಗೆ ಹುಲ್ಲು ಕೊಯ್ಕೊಂಡು ಬರ್ತಾಳೆ. ಇದು ವ್ಯಾಯಾಮ ಅಲ್ವಾ?

ಶಿಕ್ಷಕಿ: ಖಂಡಿತ ವ್ಯಾಯಾಮವೇ. ಹುಲ್ಲಿನ ಹೊರೆ ಹೊತ್ತು ಏರಿ ಹತ್ತೋವಾಗ ಹೃದಯಕ್ಕೆ ಅದು ಆಟವೋ ಕೆಲಸವೋ ಗೊತ್ತಾಗಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರೋ ಹಾಗೆ ಮೈ ದಂಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರದಲ್ಲಿ ಮೂರು ದಿನವಾದರೂ ಜೋರಾದ ಓಟ, ಮೂಳೆಗೂ ಸ್ನಾಯುವಿಗೂ ಬಲ ಕೊಡೋ ಚಟುವಟಿಕೆ ಅದರಲ್ಲಿ ಸೇರಿರಬೇಕು. ಒಂದೇ ಬಾರಿಗೆ ಮಾಡಬೇಕು ಅಂತೇನಿಲ್ಲ, ಹೊತ್ತುಹೊತ್ತಿಗೆ ಹತ್ತು ನಿಮಿಷ, ಇಪ್ಪತ್ತು ನಿಮಿಷ ಕೂಡಿಸಿದ್ರೂ ಆಗುತ್ತೆ. ಅವಳ ಶಾಲೆಯ ನಡಿಗೆ, ನಿಮ್ಮ ಹುಲ್ಲಿನ ಹೊರೆ ಎಲ್ಲ ಆ ಲೆಕ್ಕಕ್ಕೆ ಸೇರುತ್ತೆ. ಆದರೆ ಮನೆಗೆಲಸದಲ್ಲಿ ಎಗರೋದು ಎಲ್ಲಿ ಬರುತ್ತೆ? ಸರ್ರನೆ ತಿರುಗೋದು, ದಿಕ್ಕು ಬದಲಿಸೋದು ಎಲ್ಲಿ ಬರುತ್ತೆ? ಮೂಳೆಗೆ ಬೇಕಾಗಿದ್ದು ಅದು. ಅಲ್ಲದೆ ಅಲ್ಲಿ ನಗ್ತಿದ್ದಾರಲ್ಲ, ಆ ನಗು ಪಾತ್ರೆ ತೊಳೆಯುವಾಗ ಬರುತ್ತಾ?

ತಾಯಿ: ಬರಲ್ಲ. ಈಚೆಗಂತೂ ಮನೇಲಿ ಮುಟ್ಟಿದ್ದಕ್ಕೆಲ್ಲ ಸಿಡುಕ್ತಾಳೆ. ಹೋದ ತಿಂಗಳು ಮಳೆ ಹಿಡಿದು ನೀವು ವಾರ ಪೂರ್ತಿ ಪ್ರಾಕ್ಟೀಸ್ ನಿಲ್ಲಿಸಿದ್ರಲ್ಲ, ಆಗ ಅವಳ ಜೊತೆ ಏಗೋದೇ ಕಷ್ಟವಾಗಿತ್ತು.

ಶಿಕ್ಷಕಿ: ಅದನ್ನ ನೀವೇ ಗಮನಿಸಿದ್ದೀರಿ, ನಾನು ಹೇಳಬೇಕಾಗಿಲ್ಲ. ಈ ವಯಸ್ಸಲ್ಲಿ ಮನಸ್ಸು ಸಣ್ಣದಕ್ಕೂ ಕಲಕುತ್ತೆ. ಮೈ ದಣಿದ ಮಕ್ಕಳಿಗೆ ನಿದ್ದೆ ಚೆನ್ನಾಗಿ ಬರುತ್ತೆ, ದಿನಾ ಆಡೋರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ ಅಂತ ಬೇಕಾದಷ್ಟು ಅಧ್ಯಯನಗಳು ತೋರಿಸಿವೆ. ಜೊತೆಗೆ ಇಲ್ಲಿ ಸೋಲೋದನ್ನ ಕಲೀತಾರೆ. ಔಟಾದವಳು ಹೊರಗೆ ಬಂದು ನೀರು ಕುಡಿದು, ಮುಂದಿನ ಸರದಿಗೆ ಮತ್ತೆ ಒಳಗೆ ಹೋಗ್ತಾಳೆ. ಪರೀಕ್ಷೆಯಲ್ಲಿ ಎರಡು ಮಾರ್ಕು ಹೋಯ್ತು ಅಂತ ಮಕ್ಕಳು ಏನೇನೋ ಮಾಡಿಕೊಳ್ಳೋ ಕಾಲದಲ್ಲಿ ಇದು ಸಣ್ಣ ಪಾಠ ಅಲ್ಲ.

ತಾಯಿ: ಆ ಮಾರ್ಕಿನ ವಿಷಯಕ್ಕೇ ಬರ್ತೀನಿ. ನಮಗೆ ಹೊಲ ಇರೋದು ಮುಕ್ಕಾಲು ಎಕರೆ. ಇವಳು ಓದಿ ನರ್ಸೋ ಟೀಚರೋ ಆದ್ರೇ ದಾರಿ. ಎಲ್ಲರೂ ಕುರುಬೂರಿನ ಚೈತ್ರಾ ಆಗೋಕಾಗುತ್ತಾ?

ಶಿಕ್ಷಕಿ: ಆಗಲ್ಲ, ಆಗಬೇಕಾಗೂ ಇಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಹೆಣ್ಣುಮಕ್ಕಳ ತಂಡದಲ್ಲಿ ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನ ಹುಡುಗಿ ಇದ್ದರು ಅನ್ನೋದು ನನಗೂ ಹೆಮ್ಮೆ. ಈ ಮಕ್ಕಳೆಲ್ಲ ಆ ಫೈನಲ್ಲನ್ನ ಮೊಬೈಲಲ್ಲಿ ಎಷ್ಟು ಸಲ ನೋಡಿದ್ದಾರೋ! ಆದರೆ ನಿಮ್ಮ ಮಗಳು ವಿಶ್ವಕಪ್ ಆಡಲಿ ಅಂತ ನಾನು ಕೇಳ್ತಿಲ್ಲ. ನರ್ಸ್ ಆದ್ರೂ ಟೀಚರ್ ಆದ್ರೂ ಇದೇ ಮೈಯಲ್ಲೇ ತಾನೇ ಆಗಬೇಕು?

ತಾಯಿ: ಆದರೂ ಆಡಿ ಸುಸ್ತಾಗಿ ಬಂದ ಮೇಲೆ ಪುಸ್ತಕ ಹಿಡಿಯೋಕಾಗುತ್ತಾ?

ಶಿಕ್ಷಕಿ: ಆಡಿದ್ರೆ ಮಾರ್ಕು ಜಾಸ್ತಿ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಓದಿದ್ರೇ ಬರೋದು. ಆದರೆ ಅಮೆರಿಕದ ಇಲಿನಾಯ್‌ನಲ್ಲಿ ಏಳರಿಂದ ಒಂಬತ್ತು ವರ್ಷದ 221 ಮಕ್ಕಳನ್ನ ತಗೊಂಡು ಒಂದು ಪ್ರಯೋಗ ಮಾಡಿದ್ರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂಬತ್ತು ತಿಂಗಳು ಶಾಲೆ ಬಿಟ್ಟ ಮೇಲೆ ಆಟ ಆಡಿಸಿದ್ರು. ಫಲಿತಾಂಶ ಬಂದದ್ದು 2014ರಲ್ಲಿ. ಆಡಿದ ಮಕ್ಕಳಲ್ಲಿ ಗಮನ ಆಚೀಚೆ ಹೋಗದ ಹಾಗೆ ತಡೆಯೋ ಶಕ್ತಿ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸೋ ಶಕ್ತಿ ಇನ್ನೊಂದು ಗುಂಪಿಗಿಂತ ಹೆಚ್ಚು ಬೆಳೆದಿತ್ತು. ಹೆಚ್ಚು ದಿನ ಆಟಕ್ಕೆ ಬಂದವರಿಗೆ ಹೆಚ್ಚು ಲಾಭ. ಅವರು ಚಿಕ್ಕ ಮಕ್ಕಳು, ನಿಮ್ಮ ಮಗಳು ದೊಡ್ಡವಳು, ಹಾಗೇ ತಂದು ಅಂಟಿಸೋದು ಸರಿಯಲ್ಲ. ಆದರೆ ಒಂದಂತೂ ನಾನು ಎದೆ ಮುಟ್ಟಿ ಹೇಳಬಲ್ಲೆ. ದಿನಕ್ಕೆ ಒಂದು ಗಂಟೆ ಆಡಿದ್ದಕ್ಕೆ ಓದಿನಲ್ಲಿ ಹಿಂದೆ ಬಿದ್ದ ಹುಡುಗಿಯನ್ನ ನಾನು ನೋಡಿಲ್ಲ. ಸುಸ್ತಿನ ಮಾತು ಬೇರೆ. ಅದನ್ನ ನಾನೇ ಎತ್ತಬೇಕು ಅಂತಿದ್ದೆ. ಇವಳು ಈಚೆಗೆ ಎರಡನೇ ಸರದಿಗೇ ಏದುಸಿರು ಬಿಡ್ತಿದ್ದಾಳೆ.

ತಾಯಿ: ನೋಡಿ, ಅದಕ್ಕೇ ಹೇಳಿದ್ದು ಆಟ ಜಾಸ್ತಿ ಆಯ್ತು ಅಂತ!

ಶಿಕ್ಷಕಿ: ಆಟ ಜಾಸ್ತಿಯಾಗಿಲ್ಲ, ರಕ್ತ ಕಡಿಮೆಯಾಗಿರಬೇಕು. ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿದೆ, ಬೆಳ್ಳಗಿದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ಹತ್ತೊಂಬತ್ತು ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ ಇತ್ತು. ನೂರಕ್ಕೆ ಐವತ್ತೊಂಬತ್ತು! ರಕ್ತದಲ್ಲಿ ಕಬ್ಬಿಣ ಕಡಿಮೆ ಆದ್ರೆ ಸ್ನಾಯುವಿಗೆ ಪ್ರಾಣವಾಯು ಸಾಲಲ್ಲ. ಆಟದಲ್ಲಿ ಬೇಗ ಗೊತ್ತಾಯ್ತು, ಅಷ್ಟೇ. ಮನೇಲಿ ಕೂರಿಸಿಬಿಟ್ಟಿದ್ರೆ ಗೊತ್ತೇ ಆಗ್ತಿರಲಿಲ್ಲ. ಪಾಠದಲ್ಲಿ ತೂಕಡಿಸಿದ್ರೆ ಸೋಮಾರಿ ಅನ್ನಿಸ್ಕೊಳ್ತಿದ್ಲು. ನಾಳೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆ ಇದ್ರೆ ಅವರೇ ಮಾತ್ರೆ ಕೊಡ್ತಾರೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತೀವಲ್ಲ, ಅದನ್ನ ನುಂಗ್ತಾಳೋ ಕಿಟಕಿಯಾಚೆ ಎಸೀತಾಳೋ ಕೇಳಿ. ಊಟ ಆದ ಕೂಡಲೇ ಟೀ ಕೊಡಬೇಡಿ, ಊಟದಲ್ಲಿರೋ ಕಬ್ಬಿಣವನ್ನ ಮೈ ಹೀರಿಕೊಳ್ಳೋಕೆ ಅದು ಬಿಡಲ್ಲ. ಸೊಪ್ಪಿನ ಸಾರಿಗೆ ಒಂದು ಹೋಳು ನಿಂಬೆ ಹಿಂಡಿ.

ತಾಯಿ: ಟೀ ಇಲ್ಲದೆ ನಮ್ಮನೇಲಿ ಯಾರಿಗೂ ಬೆಳಗಾಗಲ್ಲ ಮೇಡಂ. ಆಗಲಿ, ಊಟ ಆಗಿ ಒಂದು ಗಂಟೆ ಬಿಟ್ಟು ಕೊಡ್ತೀನಿ. ಬಡಕಲು ಅಂದೆನಲ್ಲ, ಅದಕ್ಕೆ?

ಶಿಕ್ಷಕಿ: ಆಡೋ ಮಗುವಿಗೆ ಹಸಿವು ಜಾಸ್ತಿ. ಆ ಹಸಿವಿಗೆ ಸರಿಯಾಗಿ ಹಾಕಬೇಕು, ಹಸಿವನ್ನೇ ನಿಲ್ಲಿಸೋದಲ್ಲ. ಹುರುಳಿಕಾಳು, ಕಡ್ಲೆಬೀಜ, ಮೊಟ್ಟೆ ಕೊಡಿ. ಶಾಲೆಯಲ್ಲಿ ಕೊಡೋ ಮೊಟ್ಟೆಯನ್ನ ಇಬ್ಬರು ಮೂವರು ಹುಡುಗಿಯರು ಮನೆಯವರ ಭಯಕ್ಕೆ ಬಿಡ್ತಾರೆ, ಇವಳು ತಿಂತಾಳೆ. ಕರ್ರಗಾಗ್ತಾಳೆ ಅನ್ನೋದಕ್ಕೆ ನಾನು ಉತ್ತರ ಹೇಳಲ್ಲ ಅಮ್ಮ. ಆ ಬಣ್ಣದ ಮಾತು ಅವಳ ಕಿವಿಗೆ ಬೀಳದಿದ್ದರೆ ಸಾಕು.

ತಾಯಿ: ಮುಟ್ಟಿನ ದಿನ? ಆಗ ಓಡಿಸಬಾರದು ಅಂತಾರಲ್ಲ?

ಶಿಕ್ಷಕಿ: ಆ ದಿನ ಅವಳಿಗೆ ಬೇಕು ಅನ್ನಿಸಿದ್ರೆ ಆಡಲಿ, ಸಾಕು ಅನ್ನಿಸಿದ್ರೆ ಕೂರಲಿ. ಆಡಿದ್ರೆ ತೊಂದರೆ ಇಲ್ಲ. ನಿತ್ಯ ಮೈ ದಣಿಸೋರಿಗೆ ಆ ಹೊಟ್ಟೆನೋವೂ ಕಡಿಮೆ ಆಗುತ್ತೆ. ಕೇಳೋಕೆ ನಾಚಿಕೆ ಪಡ್ತಾರೆ ಅಂತ ನಾನೇ ಕಬೋರ್ಡಿನಲ್ಲಿ ಪ್ಯಾಡ್ ಇಟ್ಟಿದ್ದೀನಿ, ಬೀಗ ಹಾಕಿಲ್ಲ.

ತಾಯಿ: ಪ್ಯಾಡ್ ಇದ್ರೇನು, ಶೌಚಾಲಯದಲ್ಲಿ ನೀರಿಲ್ಲವಲ್ಲ! ಬೆಳಿಗ್ಗೆಯಿಂದ ಸಂಜೆವರೆಗೆ ಇವಳು ನೀರೇ ಕುಡಿಯಲ್ಲ, ಹೋಗಬೇಕಾಗುತ್ತೆ ಅಂತ. ಆ ಒಣ ಬಾಯಲ್ಲೇ ಓಡ್ತಾಳೆ. ತಪ್ಪು ನಮ್ಮದೇ ಅನ್ನೋ ಹಾಗೆ ಮಾತಾಡಬೇಡಿ.

ಶಿಕ್ಷಕಿ: ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಹುಡುಗಿಯರು ಆಟದಿಂದ ದೂರ ಆಗೋಕೆ ಅಪ್ಪ ಅಮ್ಮ ಮಾತ್ರ ಕಾರಣ ಅನ್ನೋದು ಅನ್ಯಾಯ. ನೀರಿಲ್ಲದ ಶೌಚಾಲಯ, ಬಟ್ಟೆ ಬದಲಿಸೋಕೆ ಜಾಗ ಇಲ್ಲದಿರೋದು, ಸಂಜೆ ಒಂಟಿಯಾಗಿ ನಡೀಬೇಕಾದ ದಾರಿ, ಎಲ್ಲ ಸೇರಿ ಹೊರಗೆ ತಳ್ಳುತ್ತೆ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 146 ದೇಶಗಳ ಲೆಕ್ಕ ಹಿಡಿದು 2019ರಲ್ಲಿ ಒಂದು ವರದಿ ಬಂತು. ಹನ್ನೊಂದರಿಂದ ಹದಿನೇಳು ವರ್ಷದ ಮಕ್ಕಳಲ್ಲಿ ಶೇಕಡಾ 81ರಷ್ಟು ಮಂದಿ ಬೇಕಾದಷ್ಟು ಮೈ ದಣಿಸ್ತಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ಬಹುತೇಕ ಎಲ್ಲ ಕಡೆಯೂ ಹೆಣ್ಣುಮಕ್ಕಳೇ ಹಿಂದೆ ಉಳಿದಿರೋದು. ಬರೋ ಶಾಲಾಭಿವೃದ್ಧಿ ಸಮಿತಿ ಸಭೆಯಲ್ಲಿ ನೀರಿನ ಮಾತು ನೀವೇ ಎತ್ತಿ. ಮೇಷ್ಟ್ರುಗಳು ಹೇಳಿದ್ರೆ ಬರೀ ಕಾಗದದ ಮೇಲೆ ಬರೀತಾರೆ, ತಾಯಂದಿರು ನಾಲ್ಕು ಜನ ಎದ್ದು ನಿಂತ್ರೆ ಪೈಪ್ ಬರುತ್ತೆ.

ತಾಯಿ: ಎತ್ತುತ್ತೀನಿ. ಇವಳ ವಿಷಯ ಹಾಗಿರಲಿ, ನನಗೆ ನಿಜವಾಗಿ ಚಿಂತೆ ಇರೋದು ಚಿಕ್ಕವನದು. ಐದನೇ ಕ್ಲಾಸು. ಮೊಬೈಲ್ ಹಿಡಿದರೆ ಮುಗೀತು. ಹೊಟ್ಟೆ ಬಂದಿದೆ, ಹೋದ ವರ್ಷ ಕನ್ನಡಕವೂ ಬಂತು. ಇವಳಿಗೆ ಬೇಡ ಅಂದರೂ ಆಡ್ತಾಳೆ, ಅವನಿಗೆ ಆಡು ಅಂದ್ರೆ ಅಳ್ತಾನೆ.

ಶಿಕ್ಷಕಿ: ಹುಟ್ಟಿದಾಗ ಎಷ್ಟಿದ್ದ?

ತಾಯಿ: ಎರಡೂಕಾಲು ಕೆ.ಜಿ. ಅದಕ್ಕೇ ಚೆನ್ನಾಗಿ ತಿನ್ನಿಸಿ ತಿನ್ನಿಸಿ ಬೆಳೆಸಿದ್ದು. ಅವರಪ್ಪನಿಗೂ ಶುಗರ್ ಇದೆ, ಮೂವತ್ತೆಂಟಕ್ಕೇ ಬಂತು.

ಶಿಕ್ಷಕಿ: ಹುಟ್ಟುವಾಗಿನ ತೂಕಕ್ಕೂ ಮುಂದೆ ಬರೋ ಕಾಯಿಲೆಗೂ ನಂಟಿದೆ ಅನ್ನೋದು ಲೋಕಕ್ಕೆ ತಿಳಿದದ್ದರಲ್ಲಿ ನಮ್ಮ ಮೈಸೂರಿನ ಪಾಲೂ ಇದೆ. ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ರು. ಆ ದಫ್ತರ ಹಿಡಿದು, ಅಲ್ಲಿ ಹುಟ್ಟಿ ವಯಸ್ಸಾದ 517 ಜನರನ್ನ ಹುಡುಕಿ ಪರೀಕ್ಷೆ ಮಾಡಿದ್ರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು ಅದು. ಆಮೇಲೆ ಪುಣೆಯ ವೈದ್ಯರು ನಮ್ಮ ಮಕ್ಕಳು ಹುಟ್ಟುವಾಗ ಸಣ್ಣಗೆ ಕಂಡರೂ ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ ಅಂತ ತೋರಿಸಿದ್ರು. ಚಿಕ್ಕದಾಗಿ ಹುಟ್ಟಿ ಬೇಗ ದಪ್ಪ ಆಗೋ ಮಗುವಿಗೆ ಶುಗರಿನ ಅಪಾಯ ಜಾಸ್ತಿ. ನಿಮ್ಮನ್ನ ಹೆದರಿಸೋಕೆ ಹೇಳ್ತಿಲ್ಲ. ದಾರಿ ಇದೆ ಅಂತ ಹೇಳೋಕೆ ಹೇಳ್ತಿದ್ದೀನಿ. ರಕ್ತದ ಸಕ್ಕರೆ ಸ್ನಾಯುವಿನೊಳಗೆ ಹೋಗೋಕೆ ಇನ್ಸುಲಿನ್ ಬೇಕು. ಶುಗರ್ ಬರೋ ಮೈಯಲ್ಲಿ ಆ ಇನ್ಸುಲಿನ್ ಮಾತು ನಡೆಯಲ್ಲ. ಆದರೆ ಓಡೋವಾಗ ದುಡಿಯೋ ಸ್ನಾಯು ಇನ್ಸುಲಿನ್‌ಗೆ ಕಾಯದೆ ತಾನೇ ಸಕ್ಕರೆ ಎಳ್ಕೊಳ್ಳುತ್ತೆ. ಆಡಿದ ಮೇಲೂ ಬಹಳ ಹೊತ್ತು ಇನ್ಸುಲಿನ್ ಮಾತನ್ನ ಚೆನ್ನಾಗಿ ಕೇಳುತ್ತೆ. ಹತ್ತು ವರ್ಷದ ಹುಡುಗನ ಮೈಗೆ ಇದಕ್ಕಿಂತ ಒಳ್ಳೆ ಔಷಧಿ ನನಗೆ ಗೊತ್ತಿಲ್ಲ.

ತಾಯಿ: ತೂಕ ಇಳೀದಿದ್ರೆ?

ಶಿಕ್ಷಕಿ: ಇಳೀದಿದ್ರೂ ಲಾಭ ಇದೆ. ತಕ್ಕಡಿ ಮೇಲೆ ನಿಲ್ಲಿಸಿ ದಿನಾ ನೋಡಬೇಡಿ. ಎತ್ತರ ಬೆಳೆಯೋ ಹುಡುಗನಿಗೆ ತೂಕ ಇದ್ದಷ್ಟೇ ಇದ್ರೂ ಗೆಲುವೇ. ಕಣ್ಣಿಗೂ ಹೊರಗಿನ ಬೆಳಕು ಬೇಕು. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಶಾಲೆಯಲ್ಲೇ ದಿನಕ್ಕೆ 40 ನಿಮಿಷ ಹೆಚ್ಚಿಗೆ ಬಯಲಲ್ಲಿ ಕಳೆಯೋಕೆ ಬಿಟ್ಟರು. ಮೂರು ವರ್ಷದಲ್ಲಿ ಬಯಲಿಗೆ ಹೋದವರಲ್ಲಿ ನೂರಕ್ಕೆ 30 ಮಕ್ಕಳಿಗೆ ಸಮೀಪದೃಷ್ಟಿ ಬಂತು, ಹೋಗದವರಲ್ಲಿ 39 ದಾಟಿತು. ಬಯಲಿನ ಬೆಳಕಿಗೆ ಕಣ್ಣಿನ ಒಳಪದರದಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಹೆಚ್ಚಾಗಿ, ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯೋದನ್ನ ತಡೆಯುತ್ತೆ ಅಂತ ವಿಜ್ಞಾನಿಗಳ ಅಭಿಪ್ರಾಯ. ಬಂದ ಕನ್ನಡಕ ಹೋಗಲ್ಲ, ಬಯಲಿಗೆ ಬರಲಿ, ಅದರಿಂದ ಕೆಡುಕಿಲ್ಲ. ಅದಿರಲಿ, ಅವನು ಅಳೋದು ಯಾಕೆ?

ತಾಯಿ: ಮೊದಲು ಓದ್ತಿದ್ದ ಶಾಲೆಯಲ್ಲಿ ಹೋಂವರ್ಕ್ ಮಾಡದಿದ್ರೆ ಗ್ರೌಂಡ್ ಸುತ್ತ ಓಡಿಸ್ತಿದ್ರು. ಇವನು ದಪ್ಪ, ಹಿಂದೆ ಉಳೀತಿದ್ದ, ಎಲ್ಲ ಕೂಗಾಡಿ ನಗ್ತಿದ್ರು. ಆಮೇಲೆ ಆಟದ ಪೀರಿಯಡ್ ಅಂದ್ರೆ ಹೊಟ್ಟೆನೋವು ಅನ್ನೋಕೆ ಶುರು ಮಾಡಿದ.

ಶಿಕ್ಷಕಿ: ಇದನ್ನ ಕೇಳಿದ್ರೆ ನನ್ನ ಮೈ ಉರಿಯುತ್ತೆ. ಓಟವನ್ನ ಶಿಕ್ಷೆ ಮಾಡಿಬಿಟ್ರೆ ಆ ಮಗು ಬದುಕಿಡೀ ಓಟಕ್ಕೆ ಹೆದರುತ್ತೆ. ನಾಲ್ಕು ಸುತ್ತು ಓಡಿಸಿದ ಮೇಷ್ಟ್ರಿಗೆ ತಾನು ಆ ಹುಡುಗನಿಂದ ಏನು ಕಿತ್ಕೊಂಡೆ ಅಂತ ಅರಿವೇ ಇರಲ್ಲ. ಇನ್ನೊಂದು ತಪ್ಪು ನಮ್ಮ ಶಾಲೆಗಳೆಲ್ಲದರಲ್ಲೂ ಇದೆ. ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಹನ್ನೆರಡು ಮಕ್ಕಳನ್ನ ಆರಿಸಿ ತಯಾರು ಮಾಡ್ತೀವಿ. ಮಿಕ್ಕ ಮುನ್ನೂರು ಮಕ್ಕಳು ಗೋಡೆ ಮೇಲೆ ಕೂತು ಚಪ್ಪಾಳೆ ತಟ್ತಾರೆ. ಆರಿಸಿದ ಮಕ್ಕಳು ನಾವು ಹೇಳದಿದ್ರೂ ಓಡ್ತಾರೆ. ಓಟ ಬೇಕಾಗಿರೋದು ಆ ಗೋಡೆ ಮೇಲಿನವರಿಗೆ. ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಆ ಮೈದಾನ ಗೆಲ್ಲೋ ಮಕ್ಕಳದ್ದು ಮಾತ್ರ ಅಂತ ಎಲ್ಲಿಯೂ ಬರೆದಿಲ್ಲ.

ತಾಯಿ: ಹಾಗಾದ್ರೆ ಇವನನ್ನ ಏನು ಮಾಡೋದು?

ಶಿಕ್ಷಕಿ: ಮೊದಲು ಮನೇಲಿ ಶುರು ಮಾಡಿ. ನೀರು ತರೋದು, ಅಂಗಳ ಗುಡಿಸೋದು, ಹುಲ್ಲು ತರೋದು ಎಲ್ಲ ಅಕ್ಕನೇ ಯಾಕೆ ಮಾಡ್ತಾಳೆ? ಅರ್ಧ ಇವನಿಗೆ ಕೊಡಿ. ಅವಳಿಗೆ ಹೊತ್ತು ಉಳಿಯುತ್ತೆ, ಇವನ ಮೈಗೆ ಕೆಲಸ ಸಿಗುತ್ತೆ.

ತಾಯಿ: ನಮ್ಮತ್ತೆ ಒಪ್ಪಲ್ಲ. ಗಂಡುಹುಡುಗನ ಕೈಗೆ ಪೊರಕೆ ಕೊಟ್ರೆ ಮನೆ ರಣರಂಗ.

ಶಿಕ್ಷಕಿ: ಪೊರಕೆ ಬೇಡ, ಕೊಡ ಕೊಡಿ. ಡಾಕ್ಟ್ರು ಹೇಳಿದ್ದಾರೆ ಅನ್ನಿ, ಅವರಪ್ಪನ ಶುಗರ್ ನೆನಪು ಮಾಡಿ. ಮೊಮ್ಮಗನ ಆರೋಗ್ಯ ಅಂದ್ರೆ ಅಜ್ಜಿ ಕೇಳ್ತಾರೆ.

ತಾಯಿ: ಅದೂ ಸರಿ. ಈಗ ಇವಳ ಟ್ಯೂಷನ್? ಐದು ಗಂಟೆಗೆ ಶುರು. ನಿಮ್ಮ ಪ್ರಾಕ್ಟೀಸ್ ಮುಗಿಯೋದು ಆರಕ್ಕೆ. ನಾಲೆ ಏರಿ ಮೇಲೆ ಆ ಹೊತ್ತಲ್ಲಿ ಒಬ್ಬಳೇ ಬರೋದು ನನಗೆ ಬೇಡ. ಇದರಲ್ಲಿ ಮಾತ್ರ ನಾನು ಬಗ್ಗಲ್ಲ.

ಶಿಕ್ಷಕಿ: ಬಗ್ಗಬೇಡಿ. ನಿಮ್ಮ ಥರ ಇನ್ನಿಬ್ಬರು ತಾಯಂದಿರೂ ಹೇಳಿದ್ದಾರೆ. ಮುಂದಿನ ವಾರದಿಂದ ಅಭ್ಯಾಸವನ್ನ ಬೆಳಿಗ್ಗೆ ಎಂಟೂವರೆಗೆ ಇಡ್ತೀನಿ, ಒಂಬತ್ತೂವರೆಗೆ ಮುಗಿಸ್ತೀನಿ. ಹತ್ತಕ್ಕೆ ಶಾಲೆ ಇದ್ದೇ ಇದೆ. ಬಿಸಿಲೂ ಏರಿರಲ್ಲ, ಟ್ಯೂಷನ್ನೂ ತಪ್ಪಲ್ಲ. ನಿಮ್ಮ ಬೀದಿಯ ಮೂರು ಹುಡುಗಿಯರು ಒಟ್ಟಿಗೆ ಬರಲಿ. ವಾರಕ್ಕೆ ಐದು ದಿನ ಸಾಕು. ದಿನಾ ಒಂದೇ ಆಟ ಆಡಿ ಆಡಿ ಮಂಡಿ, ಹಿಮ್ಮಡಿ ನೋವು ತರಿಸ್ಕೊಳ್ಳೋದೂ ಒಳ್ಳೇದಲ್ಲ. ಶನಿವಾರ ಬೇರೆ ಏನಾದರೂ ಆಡಿಸ್ತೀನಿ.

ತಾಯಿ: ತಾಲ್ಲೂಕಿಗೆ ಕರ್ಕೊಂಡು ಹೋದ್ರೆ ಜೊತೇಲಿ ಯಾರಿರ್ತಾರೆ?

ಶಿಕ್ಷಕಿ: ನಾನೇ. ಇನ್ನೊಬ್ಬ ಟೀಚರ್ ಕೂಡ ಬರ್ತಾರೆ. ಬೇಕಾದ್ರೆ ನೀವೂ ಬನ್ನಿ, ಜಾಗ ಇದೆ. ಆದರೆ ಹಿಮೋಗ್ಲೋಬಿನ್ ಚೀಟಿ ನೋಡದೆ ನಾನು ಅವಳನ್ನ ಪಂದ್ಯಕ್ಕೆ ಇಳಿಸಲ್ಲ. ತೀರಾ ಕಡಿಮೆ ಇದ್ರೆ ಡಾಕ್ಟರ್ ಒಪ್ಪಿಗೆ ಕೊಡೋ ತನಕ ಓಟ ಬೇಡ, ನನ್ನ ಪಕ್ಕ ಕೂತು ಸ್ಕೋರ್ ಬರೀಲಿ. ಓಡುವಾಗ ತಲೆ ತಿರುಗಿ ಬಿದ್ಲು, ಎದೆ ಹಿಡೀತು ಅಂತ ಯಾವತ್ತಾದರೂ ಹೇಳಿದ್ರೆ ಬಿಸಿಲಿಗೆ ಆಗಿರಬೇಕು ಅಂತ ಬಿಡಬೇಡಿ, ನೇರ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ತಾಯಿ: ಇದುವರೆಗೂ ಹಾಗೇನೂ ಆಗಿಲ್ಲ. ಸರಿ, ಆ ಪಂದ್ಯದ ಒಪ್ಪಿಗೆ ಪತ್ರ ಕೊಡಿ, ಅವರಪ್ಪನ ಸಹಿ ಹಾಕಿಸಿ ಕಳಿಸ್ತೀನಿ. ಅತ್ತೆಗೆ ಅವರ ರಾಡಿನ ವಿಷಯ ತೆಗೆದೇ ಹೇಳ್ತೀನಿ, ಆಗ ಬಾಯಿ ಮುಚ್ತಾರೆ. ಬೆಳಿಗ್ಗೆ ಇವಳ ಜೊತೆ ಚಿಕ್ಕವನನ್ನೂ ಕಳಿಸ್ಲಾ? ನಿಮ್ಮ ಶಾಲೆ ಹುಡುಗ ಅಲ್ಲ ಅವನು.

ಶಿಕ್ಷಕಿ: ಕಳಿಸಿ. ಅವನ ಪ್ರೈಮರಿ ಶಾಲೆ ಇದೇ ಕಾಂಪೌಂಡ್ ಪಕ್ಕದಲ್ಲಿದೆಯಲ್ಲ, ಆಡಿ ಅಲ್ಲಿಗೇ ಹೋಗಲಿ. ಓಡು ಅಂತ ನಾನು ಅವನಿಗೆ ಹೇಳಲ್ಲ. ಅವನ ವಯಸ್ಸಿನ ಆರೇಳು ಹುಡುಗರಿದ್ದಾರೆ, ಲಗೋರಿ ಆಡ್ತಾರೆ. ಬಿಲ್ಲೆ ಜೋಡಿಸೋ ಕೆಲಸ ಮೊದಲು ಅವನಿಗೇ ಕೊಡ್ತೀನಿ. ಮೊಬೈಲ್ ಮಾತ್ರ ಮನೇಲಿಟ್ಟು ಬರಲಿ. ಸೋಮವಾರ ಎಂಟೂವರೆಗೆ, ಇಬ್ಬರಿಗೂ ನೀರಿನ ಬಾಟ್ಲಿ ತುಂಬಿಸಿ ಕೊಟ್ಟು ಕಳಿಸಿ.